ಹಗ್ಗದ ಮೇಲಿನ ಅಂಗಿ

ಈ ಕಥೆಯನ್ನು ನಾನು ಹೋದಹೋದಲ್ಲೆಲ್ಲ ಕೇಳಿದ್ದೇನೆ. ಹೊಳೆಯ ಹೆಸರು ಮಾತ್ರ ಬೇರೆ. ಹೇಳಿದವರೆಲ್ಲ ಇದು ತಮ್ಮ ದೇಶದಲ್ಲೇ ನಡೆದದ್ದೆಂದು ಆಣೆ ಇಟ್ಟರು. ಪಕ್ಕದ ದೇಶದವರು ಇದನ್ನು ಕದ್ದಿದ್ದಾರೆ ಎಂದೂ ಸೇರಿಸಿದರು.

ಎರಡು ರಾಜ್ಯಗಳ ನಡುವೆ ಒಂದು ಹೊಳೆ. ಹೊಳೆ ತಿರುಗುವ ಕಡೆ ಒಂದು ಮಠ. ಮಠದ ಗುರು ಸಿದ್ದಾಂಬೆ ಎಂಬ ಮುದುಕಿ. ಅವಳ ಶಿಷ್ಯ ಕೇತ.

ಹೊಳೆಯ ಮೇಲುಗಡೆ ಎಲ್ಲಿ ಯುದ್ಧವಾದರೂ ಹೆಣಗಳು ಆ ತಿರುವಿಗೇ ಬಂದು ತಟ್ಟುತ್ತಿದ್ದವು. ಅವಕ್ಕೆ ಮಣ್ಣು ಕೊಡುವುದು ಮಠದ ಕೆಲಸ.

ಕೇತ ಬಂದ ದಿನ ಗುರು ಹೇಳಿಕೊಟ್ಟದ್ದು ಇಷ್ಟೇ: "ಮೊದಲು ಬಟ್ಟೆ ಬಿಚ್ಚು. ಆಮೇಲೆ ಮೈ ತೊಳೆ. ಮುಖ ಕೊನೆಗೆ ನೋಡು."

ಬಿಚ್ಚಿದ ಬಟ್ಟೆಯನ್ನು ಒಗೆದು ಅಂಗಳದ ಹಗ್ಗದ ಮೇಲೆ ಹಾಕುತ್ತಿದ್ದರು. ನೆನೆದು ನಡುಗುತ್ತ ಬಂದವರು ಒಣಗಿದ ಅಂಗಿ ತೊಟ್ಟು, ತಮ್ಮ ಒದ್ದೆ ಅಂಗಿಯನ್ನು ಅಲ್ಲೇ ಹಾಕಿ ಹೋಗಬಹುದು. ಯಾರು, ಯಾವ ಕಡೆಯವರು ಎಂದು ಮಠ ಕೇಳುತ್ತಿರಲಿಲ್ಲ.

ಆಗ ಎರಡೂ ದಡಗಳಿಗೆ ರಾಜರಿದ್ದರು. ಭಾವ-ಮೈದುನರು. ಮದುವೆಯಲ್ಲಿ ಕೊಟ್ಟ ಆನೆ ಕುಂಟು ಎಂಬುದು ಜಗಳ. ಆನೆ ಸತ್ತು ಎಷ್ಟೋ ಕಾಲವಾಗಿತ್ತು.

ಸಿಪಾಯಿಗೆ ತೋಳಿಗೊಂದು ಪಟ್ಟಿ. ಊಟ ಸರಿಯಿಲ್ಲದಿದ್ದರೆ ಪಟ್ಟಿ ಬಿಚ್ಚಿ ಎಸೆದು ಆ ದಡಕ್ಕೆ ದಾಟುತ್ತಿದ್ದ. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಆಮೇಲೆ ನೆಲ ರಾಜನದಲ್ಲ, ಜನರದು ಎಂದು ಅಚ್ಚಾದ ಹಾಳೆಗಳು ಪೇಟೆಯಿಂದ ಬಂದವು. ಒಂದು ಬೇಸಿಗೆಯಲ್ಲಿ ಈ ದಡದ ಜನ ತಮ್ಮ ರಾಜನನ್ನು ಓಡಿಸಿದರು.

ಸಂತೆಯಿಂದ ಕೇತ ಓಡುತ್ತ ಬಂದ. "ಅವ್ವ, ರಾಜ ಹೋದ! ಈ ನೆಲ ಇನ್ನು ನಮ್ಮದು."

"ಒಳ್ಳೇದಾಯ್ತು ಬಿಡು. ಅವನೇನು ಸಾಚಾ ಅಲ್ಲ. ಅವನ ಜೊತೆ ಯುದ್ಧವೂ ಹೋಯಿತೋ?"

"ಇನ್ನೆಲ್ಲಿಯ ಯುದ್ಧ? ಆನೆಯೂ ಇಲ್ಲ, ಭಾವನೂ ಇಲ್ಲ."

"ಹಾಗಾದರೆ ಗುದ್ದಲಿ ಒಳಗಿಡು."

ಗುದ್ದಲಿಗೆ ತುಕ್ಕು ಹಿಡಿಯುವಷ್ಟೂ ಹೊತ್ತು ಸಿಗಲಿಲ್ಲ. ಆ ದಡದ ರಾಜನಿಗೆ ತನ್ನ ಕುತ್ತಿಗೆಯ ಚಿಂತೆ ಹತ್ತಿತು. ದಂಡು ಕಳಿಸಿದ. ಈ ದಡದಲ್ಲಿ ರೈತರು, ನೇಕಾರರು, ಶಾಲೆಯ ಮೇಷ್ಟರು ಕೂಡ ಕೋವಿ ಹಿಡಿದು ಎದ್ದರು. ಯಾರೂ ಕೂಲಿ ಕೇಳಲಿಲ್ಲ. ಹೆಂಗಸರು ರಾಶಿ ರಾಶಿ ನೀಲಿ ಅಂಗಿ ಹೊಲಿದರು. ಗೆದ್ದರು. ಗೆದ್ದವರು ದಡದಲ್ಲಿ ನಿಲ್ಲಲಿಲ್ಲ. ಆ ದಡದವರನ್ನೂ ಬಿಡುಗಡೆ ಮಾಡುತ್ತೇವೆಂದು ಹೊಳೆ ದಾಟಿದರು.

ಕೇತನ ತಮ್ಮ ಮಾಚನೂ ದಾಟಿದ. ತಾಯಿಯಿಲ್ಲದ ಹುಡುಗ, ಕೇತನೇ ಎತ್ತಿ ಆಡಿಸಿ ಬೆಳೆಸಿದ್ದು. ಅವನ ನೀಲಿ ಅಂಗಿಯ ಕೊರಳಿಗೆ ಗುಂಡಿ ಇರಲಿಲ್ಲ. ಕೇತ ತೆಂಗಿನ ಚಿಪ್ಪು ಉಜ್ಜಿ ಒಂದು ಗುಂಡಿ ಮಾಡಿ ಹೊಲಿದುಕೊಟ್ಟಿದ್ದ.

ತಿಂಗಳಾದ ಮೇಲೆ ಗುರು ಕೇಳಿದಳು, "ಬಿಡಿಸೋಕೆ ಹೋದವರು ಏನು ಮಾಡಿದರಂತೆ?"

"ರಾಜನ ಉಗ್ರಾಣ ಒಡೆದರು."

"ಆಮೇಲೆ?"

"ದಂಡಿಗೆ ಊಟ ಬೇಡವೇ ಅವ್ವ? ಊರವರ ಕಣಜಗಳನ್ನೂ ಸ್ವಲ್ಪ..."

"ಹೂಂ."

"ಆ ಜನಕ್ಕೆ ಬುದ್ಧಿಯಿಲ್ಲ. ನಮಗೆ ಕೈ ಮುಗಿಯಬೇಕಿತ್ತು. ಹೋಗಿ ಹೋಗಿ ತಮ್ಮ ರಾಜನ ಬೆನ್ನಿಗೇ ನಿಂತಿದ್ದಾರೆ! ಅವರೂ ಕೆಂಪು ಅಂಗಿ ಹೊಲಿಸಿಕೊಂಡಿದ್ದಾರೆ. ‘ನಮ್ಮ ನೆಲ, ನಮ್ಮ ನೆಲ’ ಅಂತ ಕಿರುಚುತ್ತಾರೆ. ಯಾರು ಕಲಿಸಿದರೋ."

"ನಿಮ್ಮ ಹಾಳೆ ಅವರ ಕೈಗೂ ಸಿಕ್ಕಿರಬೇಕು," ಎಂದಳು ಗುರು.

ಹೊಳೆ ಈಗ ರಾಜರ ಕಾಲಕ್ಕಿಂತ ಹೆಚ್ಚು ಹೆಣ ತಂದಿತು.

ಕೇತ ಮಠದ ಪದ್ಧತಿ ಬದಲಿಸಿದ. ನೀಲಿ ಅಂಗಿಯ ಹೆಣ ಬಂದರೆ ಹಾರ ಹಾಕಿ ಮಣ್ಣು ಕೊಟ್ಟ. ಅವರ ಅಂಗಿಗಳನ್ನು ಹಗ್ಗದ ಮೇಲೆ ಹಾಕಲಿಲ್ಲ. ಮಡಿಸಿ ಪೇಟೆಗೆ ಕಳಿಸಿದ. ಅಲ್ಲಿ ಚಾವಡಿಯಲ್ಲಿಟ್ಟು ದೀಪ ಹಚ್ಚುತ್ತಿದ್ದರು. ಕೆಂಪು ಅಂಗಿಯ ಹೆಣ ಬಂದರೆ ಬಿದಿರಿನ ಗಳದಿಂದ ನಡುಹೊಳೆಗೆ ನೂಕಿದ. ಅವನಿಗಿಂತ ಮೊದಲು ತನ್ನ ಕೈಗೆ ಸಿಕ್ಕವರನ್ನು ಮುದುಕಿ ಒಬ್ಬಳೇ ಎಳೆದು ತಂದು ತೊಳೆದಳು, ಅವರ ಅಂಗಿ ಒಗೆದಳು.

"ಹಗ್ಗದ ಮೇಲೆ ಬರೀ ಕೆಂಪೇ ಉಳಿಯಿತಲ್ಲೋ ಕೇತ."

"ಇರಲಿ. ನಮ್ಮವರು ಯಾರೂ ಅದನ್ನು ಮುಟ್ಟೋದಿಲ್ಲ."

"ಚಳಿಯಾದರೆ?"

"ಸಾಯುತ್ತಾರೆ. ಮುಟ್ಟೋದಿಲ್ಲ."

"ಮಾಚ?"

"ಮಾಚನೂ ಅಷ್ಟೇ."

"ಪಾಪ, ಹುಡುಗು ಮುಂಡೇದು. ಸಾಕಪ್ಪಾ ಅಂತ ಓಡಿ ಬಂದರೆ?"

"ಓಡಿ ಬಂದವನು ನನ್ನ ತಮ್ಮನಲ್ಲ."

ಹಾಗೆಂದವನು, ನೀಲಿ ಹೆಣ ಬಂದಾಗಲೆಲ್ಲ ಮೊದಲು ಅದರ ಕೊರಳು ಮುಟ್ಟಿ ನೋಡುತ್ತಿದ್ದ. ಚಿಪ್ಪಿನ ಗುಂಡಿ ಸಿಗದಿದ್ದಾಗ ಉಸಿರು ಬಿಡುತ್ತಿದ್ದ.

ಮಾಗಿಯ ಒಂದು ಬೆಳಗ್ಗೆ ಮಂಜು ಇನ್ನೂ ಹರಿದಿರಲಿಲ್ಲ. ಮೇಲಿನ ಕಾವಲಿನಿಂದ ಕೋವಿಯ ಸದ್ದು ಕೇಳಿತು. ಹಿಂದೆಯೇ ಈ ದಡದ ಕಾವಲುಗಾರರ ಕೂಗು.

"ಕೇತಣ್ಣಾ! ಒಬ್ಬ ಕೆಂಪ ಬರ್ತಾ ಇದ್ದಾನೆ, ಸತ್ಕಾರ ಮಾಡು!"

ಕೇತ ನಕ್ಕು ಗಳ ಎತ್ತಿಕೊಂಡು ನೀರಿಗಿಳಿದ. ಹೆಣ ತಿರುವಿಗೆ ಬಂದು ಕಲ್ಲಿಗೆ ತಟ್ಟಿ ನಿಂತಿತು. ಬೆನ್ನಿಗೆ ಗಳ ಕೊಟ್ಟು ನೂಕಿದ. ಸೆಳವು ಎಳೆದುಕೊಂಡು ಹೋಯಿತು.

ಮೆಟ್ಟಿಲ ಮೇಲಿಂದ ಗುರು ಕೇಳಿದಳು, "ಮುಖ ನೋಡಿದೆಯಾ?"

"ಬೋರಲಾಗಿದ್ದ. ಬಣ್ಣ ನೋಡಿದೆನಲ್ಲ, ಸಾಕು."

ಒದ್ದೆ ಪಂಚೆ ಒಣಹಾಕಲು ಅಂಗಳಕ್ಕೆ ಹೋದ. ಹಗ್ಗದ ಮೇಲೆ, ಕೆಂಪು ಅಂಗಿಗಳ ಸಾಲಿನಲ್ಲಿ, ಒಂದು ನೀಲಿ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಕೊರಳು ಮುಟ್ಟಿದ. ಚಿಪ್ಪಿನ ಗುಂಡಿ.

"ಅವ್ವಾ! ಮಾಚ ಬಂದಿದ್ದ! ಬದುಕಿದ್ದಾನೆ ಅವ್ವ! ಈಜಿ ಬಂದಿದ್ದಾನೆ. ಕಳ್ಳ ನನ್ಮಗ, ನನ್ನನ್ನು ಎಬ್ಬಿಸದೇ ಹೋಗಿದ್ದಾನೆ ನೋಡು!"

"ಎಬ್ಬಿಸಿದ್ದರೆ ಏನನ್ನುತ್ತಿದ್ದೆ?"

"ಊರಿಗೇ ಹೋಗಿರುತ್ತಾನೆ. ಮೇಲಿನ ಕಾವಲು ದಾಟಿದರೆ ಮನೆ ಬಂತು."

"ಮೈಮೇಲೆ ಏನು ತೊಟ್ಟು ಹೋದ?"

ಕೇತ ಹಗ್ಗದ ಕಡೆ ತಿರುಗಿದ. ನೀಲಿ ಅಂಗಿ ಇದ್ದ ಜಾಗದಲ್ಲಿ ನಿನ್ನೆ ಸಂಜೆ ಒಂದು ಕೆಂಪು ಅಂಗಿ ಇತ್ತು.

"ಕತ್ತಲಲ್ಲಿ ಬಣ್ಣ ಕಾಣಿಸೋದಿಲ್ಲ ಅವ್ವ."

"ಇಲ್ಲ. ಒಣಗಿದೆಯೋ ಇಲ್ಲವೋ ಅಂತ ಮುಟ್ಟಿ ನೋಡಿರುತ್ತಾನೆ, ಅಷ್ಟೇ."

ಕೇತ ದಡದುದ್ದಕ್ಕೂ ಕೆಳಗೆ ಓಡಿದ. ಸಂಜೆಗೆ ತಿರುಗಿ ಬಂದಾಗ ಅಂಗಾಲು ಸುಲಿದಿತ್ತು, ಕೈ ಬರಿದಾಗಿತ್ತು. ಊರಿಗೂ ಹೇಳಿ ಕಳಿಸಿದ. ಮಾಚ ಮನೆಗೆ ಬಂದಿಲ್ಲ ಎಂದು ಉತ್ತರ ಬಂತು.

"ಅವನೇ ಅಂತ ಹೇಗೆ ಹೇಳೋದು ಅವ್ವ? ನಿಜವಾದ ಕೆಂಪನೇ ಇರಬಹುದು."

"ಇರಬಹುದು."

"ಮಾಚ ಎಲ್ಲೋ ಕಾಡಿನಲ್ಲಿ ಅಡಗಿರಬಹುದು."

"ಇರಬಹುದು."

"ಹಾಗಲ್ಲ. ಅವನಲ್ಲ ಅಂತ ನೀನು ಹೇಳು."

"ಹತ್ತಿರ ಇದ್ದವನು ನೀನು."

"ನಾನು ನೋಡಲಿಲ್ಲ ಅವ್ವ!"

ಮುದುಕಿ ಒಲೆಯ ಬೂದಿ ಕೆದಕುತ್ತ ಕೂತಳು.

ಅಂದಿನಿಂದ ಕೇತ ಹೊಳೆಯ ತಿರುವು ಬಿಟ್ಟು ಏಳಲಿಲ್ಲ. ಪೇಟೆಯಿಂದ ವೀರರ ಅಂಗಿ ಕೇಳಲು ಬಂದವರು ಕರೆದು ಕರೆದು ಹೋದರು. ನೀಲಿ ಅಂಗಿ ಹಗ್ಗದ ಮೇಲೆಯೇ ಒಣಗಿತು. ಚಳಿಯಾದವನೊಬ್ಬ ಬಂದು ಅದನ್ನೂ ತೊಟ್ಟುಕೊಂಡು ಹೋದ. ಯಾವ ದಡದವನೋ, ಯಾರೂ ಕೇಳಲಿಲ್ಲ.

ಕಡೆಗೊಂದು ಮಧ್ಯಾಹ್ನ ಮೇಲಿನಿಂದ ಇನ್ನೊಂದು ಹೆಣ ತೇಲಿ ಬಂತು. ಕೆಂಪು ಅಂಗಿ. ಬೋರಲು.

ಗಳ ದಡದಲ್ಲೇ ಬಿದ್ದಿತ್ತು. ಕೇತ ಕುತ್ತಿಗೆಯವರೆಗಿನ ನೀರಿಗಿಳಿದು ಅದನ್ನು ತಬ್ಬಿ ಹಿಡಿದ. ಮರಳಿನ ಮೇಲೆ ಎಳೆದು ತಂದ. ಮಾಚನಷ್ಟೇ ಎತ್ತರ. ಯಾವ ಹುಡುಗನಾದರೂ ಅಷ್ಟೇ ಎತ್ತರ ಇರುತ್ತಾನೆ.

ಗಲ್ಲ ಹಿಡಿದು ತಿರುಗಿಸಬೇಕು. ಕೈ ಅಲ್ಲಿಗೆ ಹೋಗಿ ನಿಂತಿತು.

"ಅವ್ವ," ಎಂದ. "ಮುಖ ನೋಡಲೇ?"

ಮುದುಕಿ ಕೊಡದಲ್ಲಿ ನೀರು ತಂದು ಅವನ ಪಕ್ಕದಲ್ಲಿಟ್ಟಳು.

"ಮೊದಲು ಬಟ್ಟೆ ಬಿಚ್ಚು."