ನೆಲಗುಬ್ಬಿಯ ಬೊಗಸೆ ನೆರಳು

ಕಾಲು ಮಡಚಿ ಕೂತ್ಕೊಳ್ಳಿ ಮಕ್ಕಳೇ. ಬಾಯಲ್ಲಿ ಬೆರಳು ಬೇಡ. ಇದು ನಗಿಸೋ ಕಥೆ ಅಲ್ಲ. ಒಂದು ನೆರಳು ಕಳೆದುಹೋದ ಕಥೆ.

ಒಂದು ಶಾಲೆ. ಶಾಲೆಯ ಮುಂದೆ ದೊಡ್ಡ ಬಯಲು. ಬಯಲ ತುಂಬ ಹುಲ್ಲು. ಹುಲ್ಲಿನ ಬುಡದಲ್ಲಿ ಒಂದು ಬೊಗಸೆ ನೆರಳು. ಆ ನೆರಳು ನೆಲಗುಬ್ಬಿಯದು.

ನೆಲಗುಬ್ಬಿ ಗೊತ್ತಲ್ಲ? ಮಣ್ಣಿನ ಬಣ್ಣ. ಅದು ಮರದಲ್ಲಿ ಗೂಡು ಕಟ್ಟೋದಿಲ್ಲ. ಮನೆಯ ಜಂತೆಯಲ್ಲೂ ಕಟ್ಟೋದಿಲ್ಲ. ನೆಲದಲ್ಲೇ ಕುಳಿ ತೋಡುತ್ತದೆ. ನೆಲದಲ್ಲೇ ತತ್ತಿ ಇಡುತ್ತದೆ. ತತ್ತಿಯ ಮೇಲೆ ಸುಡುಬಿಸಿಲು ಬಿದ್ದರೆ ಒಳಗಿನ ಮರಿ ಸತ್ತುಹೋಗುತ್ತದೆ. ಅದಕ್ಕೇ ನೆರಳು ಬೇಕು. ಬೊಗಸೆಯಷ್ಟಾದರೂ ಬೇಕು.

ಸೋಮವಾರ ಹುಲ್ಲು ಕೊಯ್ಯೋ ಗಾಡಿ ಬಂತು. ಸಣ್ಣ ಟ್ರ್ಯಾಕ್ಟರಿನಂಥ ಗಾಡಿ. ಮೇಲೆ ಕೂತು ಓಡಿಸೋದು. ಗಾಡಿಯ ಹೊಟ್ಟೆಯ ಕೆಳಗೆ ತಗಡಿನ ದೊಡ್ಡ ತಟ್ಟೆ. ಬೋರಲು ತಟ್ಟೆ. ತಟ್ಟೆಯೊಳಗೆ ಬ್ಲೇಡು ಗರಗರ ತಿರುಗುತ್ತದೆ. ಗಾಡಿ ಗುಡುಗುಡು ಬಂತು. ಗುಡುಗುಡು ಹೋಯಿತು. ಗಾಡಿಯ ಎಡಗಡೆ ಹುಲ್ಲು ನಾಕು ಬೆರಳು ಉಳಿಯಿತು. ಬಲಗಡೆ ಹುಲ್ಲು ಬುಡಮಟ್ಟ ಹೋಯಿತು.

ನಮ್ಮ ಗುಬ್ಬಿಯ ಕುಳಿ ಇದ್ದದ್ದು ಬಲಗಡೆ.

ಗುಬ್ಬಿ ಕಾಳು ತಿಂದು ತಿರುಗಿ ಬಂತು. ಕುಳಿ ಇತ್ತು. ನೆರಳು ಇರಲಿಲ್ಲ. ಹೊಟ್ಟೆಯಲ್ಲಿ ತತ್ತಿ ಬಲೀತಾ ಇತ್ತು. ಎಲ್ಲಿ ಇಡೋದು? ಗುಬ್ಬಿಗೆ ಅಳು ಬಂತು. ಅತ್ತಿತು. ಅಳಲಿ ಬಿಡಿ, ಯಾರಾದರೂ ಅಳುತ್ತಾರೆ.

ಎಡಗಡೆ ಹೋಗಬಾರದಾ ಅಂತ ಕೇಳ್ತೀರಿ. ಕೇಳೇ ಕೇಳ್ತೀರಿ, ನನಗೆ ಗೊತ್ತು. ಎಡಗಡೆ ಇನ್ನೊಂದು ಗುಬ್ಬಿಯ ಕುಳಿ ಇದೆ. ಒಂದರ ಅಂಗಳಕ್ಕೆ ಇನ್ನೊಂದು ಕಾಲಿಡೋದಿಲ್ಲ. ಅವು ಹಾಗೆ.

ಗುಬ್ಬಿ ಹುಲ್ಲಿನ ಹತ್ತಿರ ಹೋಯಿತು.

"ಹುಲ್ಲಕ್ಕಾ, ಹುಲ್ಲಕ್ಕಾ. ನನ್ನ ಬೊಗಸೆ ನೆರಳು ಹೋತು. ತತ್ತಿ ಎಲ್ಲಿ ಇಡ್ಲಿ? ನೀ ಏಳವ್ವಾ."

ಹುಲ್ಲು ನೆಲಕ್ಕೆ ಅಂಟಿಕೊಂಡಿತ್ತು. ಅದರ ಮೈಯೆಲ್ಲ ಉರೀತಿತ್ತು.

"ನಾ ಏಳ್ತೀನಿ. ಬ್ಲೇಡು ಬಂದು ಬುಡಕ್ಕ ಕೊಯ್ತೈತಿ. ಮತ್ತ ಏಳ್ತೀನಿ, ಮತ್ತ ಕೊಯ್ತೈತಿ. ಬ್ಲೇಡು ಮ್ಯಾಲೆ ಏರಿದ್ರ ಏಳ್ತೀನಿ. ಇಲ್ಲಂದ್ರ ಒಲ್ಲೆ."

ಗುಬ್ಬಿ ಮತ್ತೆ ಅಳಲಿಲ್ಲ. ಎದ್ದು ಹೋಯಿತು.

ಗಾಡಿ ಬೇವಿನ ಮರದ ಕೆಳಗೆ ನಿಂತಿತ್ತು. ಸದ್ದಿಲ್ಲದೆ ನಿಂತಿತ್ತು. ಗುಬ್ಬಿ ಬಗ್ಗಿ ತಟ್ಟೆಯ ಕೆಳಗೆ ನುಸುಳಿತು. ಒಳಗೆ ಕತ್ತಲು. ಕತ್ತಲಲ್ಲಿ ಬ್ಲೇಡು.

"ಬ್ಲೇಡಪ್ಪಾ, ಬ್ಲೇಡಪ್ಪಾ. ಹುಲ್ಲು ಏಳಲೊಲ್ಲೆ ಅಂತು. ನನ್ನ ಬೊಗಸೆ ನೆರಳು ಹೋತು. ತತ್ತಿ ಎಲ್ಲಿ ಇಡ್ಲಿ? ನೀ ಏರಪ್ಪಾ."

ಬ್ಲೇಡು ಸಿಟ್ಟು ಮಾಡಲಿಲ್ಲ. ನನಗೆ ಹುಲ್ಲಿನ ಮೇಲೆ ಹಗೆ ಇಲ್ಲ ಅಂತು. ನಾನು ತಟ್ಟೆಯೊಳಗೆ ಇರೋನು, ತಟ್ಟೆ ಬಲಕ್ಕೆ ವಾಲಿದೆ, ತಟ್ಟೆ ವಾಲಿದರೆ ನಾನೂ ವಾಲ್ತೀನಿ ಅಂತು.

"ತಟ್ಟಿ ಸಮ ನಿಂತ್ರ ಏರ್ತೀನಿ. ಇಲ್ಲಂದ್ರ ಒಲ್ಲೆ."

ಗುಬ್ಬಿ ಅಳಲಿಲ್ಲ. ಎದ್ದು ಹೋಯಿತು. ತಟ್ಟೆಯ ಅಂಚಿಗೆ ಬಂದು ಕೂತಿತು.

"ತಟ್ಟೆಕ್ಕಾ, ತಟ್ಟೆಕ್ಕಾ. ಬ್ಲೇಡು ಏರಲೊಲ್ಲೆ ಅಂತು. ಹುಲ್ಲು ಏಳಲೊಲ್ಲೆ ಅಂತು. ನನ್ನ ಬೊಗಸೆ ನೆರಳು ಹೋತು. ತತ್ತಿ ಎಲ್ಲಿ ಇಡ್ಲಿ? ನೀ ಸಮ ನಿಲ್ಲವ್ವಾ."

ತಟ್ಟೆ ನಿಟ್ಟುಸಿರು ಬಿಟ್ಟಿತು. ನಾನು ನಿಂತಿಲ್ಲ ಮಗಾ, ನೇತಾಡ್ತಿದ್ದೀನಿ ಅಂತು. ಎಡಕ್ಕೊಂದು ಸರಳು, ಬಲಕ್ಕೊಂದು ಸರಳು, ಬಲಗಡೆ ಸರಳು ನನ್ನನ್ನು ಕೆಳಗೆ ಬಿಟ್ಟಿದೆ ಅಂತು.

"ಸರಳು ಎತ್ತಿ ಹಿಡಿದ್ರ ಸಮ ನಿಲ್ತೀನಿ. ಇಲ್ಲಂದ್ರ ಒಲ್ಲೆ."

ಗುಬ್ಬಿ ಅಳಲಿಲ್ಲ. ಎದ್ದು ಹೋಯಿತು. ಕಬ್ಬಿಣದ ಸರಳಿನ ಮೇಲೆ ಕೂತಿತು. ಸರಳು ಬಿಸಿಯಾಗಿತ್ತು. ಗುಬ್ಬಿ ಒಂದು ಕಾಲೆತ್ತಿ ಕೂತಿತು.

"ಸರಳಣ್ಣಾ, ಸರಳಣ್ಣಾ. ತಟ್ಟಿ ಸಮ ನಿಲ್ಲಲೊಲ್ಲೆ ಅಂತು. ಬ್ಲೇಡು ಏರಲೊಲ್ಲೆ ಅಂತು. ಹುಲ್ಲು ಏಳಲೊಲ್ಲೆ ಅಂತು. ನನ್ನ ಬೊಗಸೆ ನೆರಳು ಹೋತು. ತತ್ತಿ ಎಲ್ಲಿ ಇಡ್ಲಿ? ನೀ ಎತ್ತಣ್ಣಾ."

ಸರಳಿಗೆ ಬೇಜಾರು.

"ಇನ್ನೆಷ್ಟು ಎತ್ತಲಿ? ದ್ಯಾಮವ್ವ ಪಾನಾ ತಂದು ನನ್ನ ನಟ್ಟು ಬಿಗಿದ್ಲು. ಬಿಗಿದಷ್ಟೂ ಎತ್ತಿದೆ. ಆದ್ರೂ ಗಾಡೀನೇ ಬಲಕ್ಕ ವಾಲೈತಿ. ಯಾಕಂದ್ರ ಟೈರು ಸೊರಗೈತಿ. ಟೈರು ಉಬ್ಬಿದ್ರ ಎತ್ತತೀನಿ. ಇಲ್ಲಂದ್ರ ಒಲ್ಲೆ."

ದ್ಯಾಮವ್ವ ಯಾರು? ಗಾಡಿ ಓಡಿಸೋಳು. ಬರ್ತಾಳೆ, ಇರಿ.

ಗುಬ್ಬಿ ಅಳಲಿಲ್ಲ. ಎದ್ದು ಹೋಯಿತು. ಬಲಗಡೆ ಟೈರು ನೋಡಿತು. ಟೈರು ಸುಸ್ತಾಗಿ ಕೂತಿತ್ತು. ಅದರ ಹೊಟ್ಟೆ ನೆಲಕ್ಕೆ ಒರಗಿತ್ತು.

"ಟೈರಣ್ಣಾ, ಟೈರಣ್ಣಾ. ಸರಳು ಎತ್ತಲೊಲ್ಲೆ ಅಂತು. ತಟ್ಟಿ ಸಮ ನಿಲ್ಲಲೊಲ್ಲೆ ಅಂತು. ಬ್ಲೇಡು ಏರಲೊಲ್ಲೆ ಅಂತು. ಹುಲ್ಲು ಏಳಲೊಲ್ಲೆ ಅಂತು. ನನ್ನ ಬೊಗಸೆ ನೆರಳು ಹೋತು. ತತ್ತಿ ಎಲ್ಲಿ ಇಡ್ಲಿ? ನೀ ಉಬ್ಬಣ್ಣಾ."

ಟೈರು ಮೆಲ್ಲಗೆ ಮಾತಾಡಿತು. ಉಸಿರು ಹಿಡಿದರೆ ನಿಲ್ಲೋದಿಲ್ಲ ಅಂತು. ಮೈಯಲ್ಲಿ ಮುಳ್ಳು ನೆಟ್ಟಿದೆ, ಮುಳ್ಳಿನ ಸಂದಿಯಿಂದ ಉಸಿರು ಹೋಗ್ತಾ ಇದೆ ಅಂತು.

"ಮುಳ್ಳು ಹೊರಗ ಬಂದ್ರ ಉಬ್ಬತೀನಿ. ಇಲ್ಲಂದ್ರ ಒಲ್ಲೆ."

ಗುಬ್ಬಿ ಅಳಲಿಲ್ಲ. ಟೈರಿನ ಸುತ್ತ ಹೋಯಿತು. ಅಲ್ಲಿತ್ತು ಮುಳ್ಳು. ನೆಗ್ಗಿಲ ಮುಳ್ಳು. ಬಯಲಲ್ಲಿ ಬರಿಗಾಲಲ್ಲಿ ಓಡಿದರೆ ಚುಚ್ಚುತ್ತಲ್ಲ, ಅದೇ.

"ಮುಳ್ಳಣ್ಣಾ, ಮುಳ್ಳಣ್ಣಾ. ಟೈರು ಉಬ್ಬಲೊಲ್ಲೆ ಅಂತು. ಸರಳು ಎತ್ತಲೊಲ್ಲೆ ಅಂತು. ತಟ್ಟಿ ಸಮ ನಿಲ್ಲಲೊಲ್ಲೆ ಅಂತು. ಬ್ಲೇಡು ಏರಲೊಲ್ಲೆ ಅಂತು. ಹುಲ್ಲು ಏಳಲೊಲ್ಲೆ ಅಂತು. ನನ್ನ ಬೊಗಸೆ ನೆರಳು ಹೋತು. ತತ್ತಿ ಎಲ್ಲಿ ಇಡ್ಲಿ? ನೀ ಹೊರಗ ಬಾರಣ್ಣಾ."

ಮುಳ್ಳು ಹೇಳಿತು:

"ನಾ ನೆಲದಾಗ ಬಿದ್ದಿದ್ದೆ. ಟೈರು ನನ್ನ ಮ್ಯಾಲೆ ಬಂತು. ನನಗ ಕಾಲಿಲ್ಲ, ನಡೆದು ಬರಾಕ. ಬೆರಳು ಇದ್ದವರು ಕೀಳಲಿ. ಇಲ್ಲಂದ್ರ ಒಲ್ಲೆ."

ಗುಬ್ಬಿ ಕೊಕ್ಕಿನಿಂದ ಎಳೆದು ನೋಡಿತು. ಮುಳ್ಳು ಅಲುಗಲಿಲ್ಲ. ಮತ್ತೆ ಎಳೆಯಿತು. ಕೊಕ್ಕಿಗೆ ನೋವಾಯಿತು. ಆದರೂ ಅಳಲಿಲ್ಲ. ಬೆರಳು ಇದ್ದವರನ್ನು ಹುಡುಕಿತು.

ಬೇವಿನ ನೆರಳಲ್ಲಿ ದ್ಯಾಮವ್ವ ಕೂತಿದ್ದಳು. ಬುತ್ತಿ ಬಿಚ್ಚಿದ್ದಳು. ರೊಟ್ಟಿ ಮುರೀತಿದ್ದಳು. ಮುಖ ಗಂಟಿಕ್ಕಿಕೊಂಡಿತ್ತು. ಬಯಲು ಪಟ್ಟೆಪಟ್ಟೆಯಾಗಿದೆ, ಮಕ್ಕಳ ಓಟದ ಆಟಕ್ಕೆ ಹೀಗೇ ಬಿಡ್ತೀಯಾ ಅಂತ ಹೆಡ್ ಮಾಸ್ತರರು ಬೆಳಿಗ್ಗೆ ತಾನೇ ಕೇಳಿ ಹೋಗಿದ್ದರು.

"ದ್ಯಾಮವ್ವಾ, ನನ್ನ ತಾಯೀ. ಮುಳ್ಳು ಬರಲೊಲ್ಲೆ ಅಂತು. ಟೈರು ಉಬ್ಬಲೊಲ್ಲೆ ಅಂತು. ಸರಳು ಎತ್ತಲೊಲ್ಲೆ ಅಂತು. ತಟ್ಟಿ ಸಮ ನಿಲ್ಲಲೊಲ್ಲೆ ಅಂತು. ಬ್ಲೇಡು ಏರಲೊಲ್ಲೆ ಅಂತು. ಹುಲ್ಲು ಏಳಲೊಲ್ಲೆ ಅಂತು. ನನ್ನ ಬೊಗಸೆ ನೆರಳು ಹೋತು. ತತ್ತಿ ಎಲ್ಲಿ ಇಡ್ಲಿ? ನೀ ಮುಳ್ಳು ಕೀಳವ್ವಾ."

"ಮುಳ್ಳೂ ಇಲ್ಲ, ಗಿಳ್ಳೂ ಇಲ್ಲ," ಅಂದಳು ದ್ಯಾಮವ್ವ. "ತಟ್ಟಿ ಸೊಟ್ಟ ಆಗೈತಿ, ಅಷ್ಟ. ನನಗ ಇಡೀ ಬಯಲಿನ ಚಿಂತಿ. ನಿನಗ ಒಂದು ಬೊಗಸೆ ಚಿಂತಿ. ಹೋಗು, ನಾ ಒಲ್ಲೆ."

ಈಗ ಗುಬ್ಬಿ ಯಾರ ಹತ್ತಿರ ಹೋಗಬೇಕು? ಯಾರೂ ಉಳಿದಿರಲಿಲ್ಲ. ಗುಬ್ಬಿ ಅಲ್ಲೇ ಬಿಸಿಲಲ್ಲಿ ಕೂತಿತು. ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತ ಕೂತಿತು.

ಹೊತ್ತು ಏರಿತು. ಬೇವಿನ ನೆರಳು ಜರುಗಿತು. ದ್ಯಾಮವ್ವನ ಬೆನ್ನ ಮೇಲೆ ಬಿಸಿಲು ಬಂತು. ಅವಳು ಬುತ್ತಿ ಎತ್ತಿಕೊಂಡಳು. ನೆರಳು ಹೋದ ಕಡೆ ಸರಿದು ಕೂತಳು.

ಗುಬ್ಬಿ ಕೇಳಿತು, "ಯವ್ವಾ, ನೀ ಯಾಕ ಸರಿದಿ?"

"ಬಿಸಿಲು ಬಂತು, ಸರಿದೆ. ಸುಡೂ ಬಿಸಿಲಾಗ ಕೂಡಾಕ ಆಗತೈತೇನು?"

"ನೀ ಸರಿದಿ," ಅಂತು ಗುಬ್ಬಿ. "ತತ್ತಿಗೆ ಸರಿಯಾಕ ಬರೂದಿಲ್ಲ, ಯವ್ವಾ."

ದ್ಯಾಮವ್ವನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಅವಳು ಗುಬ್ಬಿಯನ್ನು ನೋಡಿದಳು. ಗುಬ್ಬಿಯ ಹೊಟ್ಟೆ ನೋಡಿದಳು. ರೊಟ್ಟಿ ಕೆಳಗಿಟ್ಟು ಎದ್ದಳು.

ಮೊದಲು ಗಾಡಿಯ ಕೀಲಿ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು, ಕೈಯಿಟ್ಟಾಗ ಬ್ಲೇಡು ತಿರುಗಬಾರದಲ್ಲ. ಆಮೇಲೆ ಟೈರಿನ ಮುಂದೆ ಕೂತಳು. ಕೈಯಾಡಿಸಿದಳು. ಮುಳ್ಳು ಸಿಕ್ಕಿತು.

ದ್ಯಾಮವ್ವ ಮುಳ್ಳು ಕಿತ್ತಳು. ಮುಳ್ಳು ಹೊರಗೆ ಬಂತು. ತೂತಿಗೆ ಪಂಕ್ಚರ್ ಹಾಕಿದಳು. ಪಂಪು ಒತ್ತಿದಳು. ಟೈರು ಉಬ್ಬಿತು. ಗಾಡಿ ನೆಟ್ಟಗಾಯಿತು.

ಬೇವಿನ ಬುಡ ಇಳಿಜಾರು. ಇಳಿಜಾರಿನಲ್ಲಿ ಬ್ಲೇಡಿನ ಎತ್ತರ ಅಳೆದರೆ ಅಳತೆಯೂ ವಾಲುತ್ತದೆ. ದ್ಯಾಮವ್ವ ಇಷ್ಟು ದಿನ ಅಲ್ಲೇ ಅಳೆದಿದ್ದಳು. ಇವತ್ತು ಗಾಡಿಯನ್ನು ಶಾಲೆಯ ಮುಂದಿನ ಗಚ್ಚಿನ ನೆಲಕ್ಕೆ ತಂದಳು. ಮತ್ತೆ ಕೀಲಿ ತೆಗೆದು ಸೆರಗಿಗೆ ಕಟ್ಟಿದಳು. ಬ್ಲೇಡಿನ ತುದಿಯ ಕೆಳಗೆ ಬೆರಳು ಅಡ್ಡ ಇಟ್ಟು ನೋಡಿದಳು.

ಬಲಗಡೆ ಐದು ಬೆರಳು. ಎಡಗಡೆ ಮೂರು ಬೆರಳು.

ಅಯ್ಯೋ, ಇದೇನು? ಟೈರು ಸೊರಗಿದ್ದಾಗ ಬಲಗಡೆ ನಟ್ಟು ಬಿಗಿದಿದ್ದಳಲ್ಲ. ಈಗ ಟೈರು ಉಬ್ಬಿತು. ಬಲಗಡೆ ಹೆಚ್ಚಾಯಿತು. ಎಡಗಡೆ ಕಡಿಮೆಯಾಯಿತು.

"ನಿನ್ನ ಕಡೆ ಎತ್ತರ ಆತು ನೋಡು," ಅಂದಳು ದ್ಯಾಮವ್ವ. "ನಿನ್ನ ನೆರಳು ನಿನಗ ಬರತೈತಿ. ಹೋಗು."

ಗುಬ್ಬಿ ಹೋಗಲಿಲ್ಲ.

"ಎಡಗಡೆ ಇನ್ನೊಂದು ಗುಬ್ಬಿ ಐತಿ, ಯವ್ವಾ. ಅದರ ನೆರಳು ಹೋದ್ರ ಅದು ಯಾರ ಹತ್ರ ಹೋಗಬೇಕು?"

ದ್ಯಾಮವ್ವ ಎದ್ದಳು. ಪಾನಾ ತಂದಳು. ಬಲಗಡೆ ನಟ್ಟು ತುಸು ಸಡಿಲ ಮಾಡಿದಳು. ಬೆರಳಿಟ್ಟು ನೋಡಿದಳು. ಇನ್ನೂ ತುಸು. ಬೆರಳಿಟ್ಟು ನೋಡಿದಳು. ಎಡಗಡೆ ನಟ್ಟು ತುಸು ಬಿಗಿದಳು. ಬೆರಳಿಟ್ಟು ನೋಡಿದಳು. ಗುಬ್ಬಿ ಗಚ್ಚಿನ ಮೇಲೆ ಕೂತು ನೋಡುತ್ತಲೇ ಇತ್ತು.

ಈ ಕಡೆ ನಾಕು ಬೆರಳು. ಆ ಕಡೆ ನಾಕು ಬೆರಳು.

ಈಗ ಹೇಳಿ ಮಕ್ಕಳೇ, ನನ್ನ ಜೊತೆ ಹೇಳಿ.

ದ್ಯಾಮವ್ವ ಮುಳ್ಳು ಕಿತ್ತಳು. ಮುಳ್ಳು ಹೊರಗೆ ಬಂತು. ಟೈರು ಉಬ್ಬಿತು. ಸರಳು ಎತ್ತಿತು. ತಟ್ಟೆ ಸಮ ನಿಂತಿತು. ಬ್ಲೇಡು ಏರಿತು.

ಗುಬ್ಬಿ ಹುಲ್ಲಿನ ಹತ್ತಿರ ಹೋಗಿ ಎಲ್ಲ ಹೇಳಿತು. ಹುಲ್ಲು ಮೊದಲು ನಂಬಲಿಲ್ಲ. ಪೆಟ್ಟು ತಿಂದವರಿಗೆ ನಂಬೋದು ಕಷ್ಟ. ಕೊನೆಗೆ ಹೂಂ ಅಂತು. ಆ ರಾತ್ರಿ ಮಳೆ ಬಂತು. ಹುಲ್ಲು ಎದ್ದಿತು. ಒಂದು ಬೆರಳು ಎದ್ದಿತು. ಎರಡು ಬೆರಳು ಎದ್ದಿತು. ಮೂರು ಬೆರಳು ಎದ್ದಿತು. ನಾಕು ಬೆರಳು ಎದ್ದಿತು. ಐದನೇ ಬೆರಳಿಗೆ ತಲೆ ಎತ್ತಿತು.

ಮತ್ತೆ ಸೋಮವಾರ. ಗಾಡಿ ಬಂತು, ಗುಡುಗುಡು. ಹುಲ್ಲು ಕಣ್ಣು ಮುಚ್ಚಿತು. ಗುಬ್ಬಿ ದೂರದ ಕಲ್ಲಿನ ಮೇಲೆ ಕೂತು ಉಸಿರು ಹಿಡಿಯಿತು. ಆ ಕಡೆಯ ಗುಬ್ಬಿಯೂ ಬಂದು ಪಕ್ಕದಲ್ಲಿ ಕೂತಿತು. ಗಾಡಿ ಕುಳಿಯ ಮೇಲೆ ಬಂತು. ಗಾಡಿ ಕುಳಿ ದಾಟಿ ಹೋಯಿತು.

ಎಡಗಡೆ ನಾಕು ಬೆರಳು ಹುಲ್ಲು. ಬಲಗಡೆ ನಾಕು ಬೆರಳು ಹುಲ್ಲು. ಬಯಲೆಲ್ಲ ಒಂದೇ ಸಮ.

ಗುಬ್ಬಿ ಹಾರಿ ಬಂತು. ಕುಳಿ ಇತ್ತು. ಕುಳಿಯೊಳಗೆ ಬೊಗಸೆ ನೆರಳು ಇತ್ತು. ಗುಬ್ಬಿ ಒಳಗೆ ಕೂತಿತು. ರೆಕ್ಕೆ ಮಡಚಿತು. ಈಗ ಅತ್ತಿತು, ಇದು ಬೇರೆ ಅಳು.

ಸಂಜೆ ಹೊತ್ತಿಗೆ ನೆರಳಲ್ಲಿ ಒಂದು ತತ್ತಿ ಇತ್ತು.

ಕಥೆ ಇಲ್ಲಿಗಾಯಿತು. ಗುಬ್ಬಿ ಕಾವಿಗೆ ಕೂತಿದೆ. ಮೆಲ್ಲಗೆ ಎದ್ದು ಹೋಗಿ, ನೆಲ ನೋಡಿಕೊಂಡು ಕಾಲಿಡಿ.