ಚಪ್ಪಲಿ ಲೆಕ್ಕ

ಹೊಳೆದಂಡೆಯ ಮೇಲೊಂದು ಚಿಕ್ಕ ಮಠ. ಅಲ್ಲಿ ನೀಲಕಂಠಜ್ಜ ಎಂಬ ಗುರು, ಅಡಿವೆಯ್ಯ ಎಂಬ ಶಿಷ್ಯ.

ಅಮಾವಾಸ್ಯೆಗೆ ಸುತ್ತಲಿನ ಊರವರು ಅಜ್ಜನ ಮಾತು ಕೇಳಲು ಬರುತ್ತಿದ್ದರು. ಬಂದವರಿಗೆಲ್ಲ ಮಠದಲ್ಲೇ ಊಟ. ಅಡುಗೆಯ ಹೊಣೆ ಅಡಿವೆಯ್ಯನದು.

ಅವನು ಮೈಗಳ್ಳನಲ್ಲ, ಅದರಲ್ಲಿ ಎರಡು ಮಾತಿಲ್ಲ. ಅಡುಗೆಗೆ ಮೊದಲು ಹೊಸ್ತಿಲ ಬಳಿ ನಿಂತು ಬಂದವರನ್ನು ಬರಮಾಡಿಕೊಳ್ಳುವವನೂ ಅವನೇ.

"ಚಪ್ಪಲಿ ಬೇವಿನ ಗಿಡದ ಬುಡಕ್ಕ ಬಿಡ್ರಿ. ಅದರ ಜೋಡಿ 'ನಾನು' ಅನ್ನೋದನ್ನೂ ಅಲ್ಲೇ ಬಿಡ್ರಿ. ಒಳಗ ಎಲ್ಲಾರೂ ಒಂದೇ."

ಹೇಳಿ ಹೇಳಿ ಈ ಮಾತು ಅವನ ಬಾಯಿಗೆ ಎಷ್ಟು ರೂಢಿಯಾಗಿತ್ತೆಂದರೆ, ಬರಿಗಾಲಲ್ಲಿ ಬಂದವರಿಗೂ ಅದನ್ನೇ ಹೇಳಿಬಿಡುತ್ತಿದ್ದ.

ಆ ಅಮಾವಾಸ್ಯೆಯಂದು ಅನ್ನ ಸಾಲದೆ ಹೋಯಿತು. ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದವಳು ಫಕೀರವ್ವ, ಹೊಲಗಳಲ್ಲಿ ಕಳೆ ಕೀಳುವ ಮುದುಕಿ. ಅಡಿವೆಯ್ಯ ಖಾಲಿ ಬೋಗುಣಿ ಹಿಡಿದು ಅವಳೆದುರು ನಿಂತ.

"ನನಗ ಹಸಿವಿಲ್ಲ ಬಿಡ್ರಿ, ಅಯ್ಯನವರ," ಎಂದಳು ಅವಳು. ತನ್ನ ಎಲೆಯನ್ನು ತಾನೇ ಮಡಚಿಕೊಂಡು ಎದ್ದು ಹೋದಳು.

ಅಡಿವೆಯ್ಯ ನಂಬಿದ. ಅಜ್ಜ ನಂಬಲಿಲ್ಲ. ಶಿಷ್ಯನನ್ನು ಪಕ್ಕಕ್ಕೆ ಕರೆದರು.

"ಅಕ್ಕಿ ಇರಲಿಲ್ಲೇನೋ?"

"ಚೀಲ ತುಂಬೇತ್ರಿ ಅಜ್ಜಾ. ಮಂದಿ ಲೆಕ್ಕ ತಪ್ಪೇತಿ."

"ಮಂದೀನ್ನ ಹೆಂಗ ಎಣಿಸ್ತಿ?"

ಅಡಿವೆಯ್ಯನಿಗೆ ಹುರುಪು ಬಂತು. ಆ ಉಪಾಯ ಅವನೇ ಕಂಡುಕೊಂಡದ್ದು.

"ಮಂದಿ ಒಳಗ ಹೊರಗ ಓಡಾಡ್ತಿರ್ತಾರ, ಎಣಿಸಾಕ ಆಗೂದಿಲ್ರಿ. ಚಪ್ಪಲಿ ಬಿಟ್ಟಲ್ಲೇ ಇರ್ತಾವ. ಅವನ್ನ ಎಣಿಸಿ ಅಕ್ಕಿ ಹಾಕ್ತೀನಿ."

"ಫಕೀರವ್ವನ ಚಪ್ಪಲಿ ಯಾವು?"

ಅಡಿವೆಯ್ಯ ಬೇವಿನ ಗಿಡದ ಕಡೆ ತಿರುಗಿ ನೋಡಿದ.

"ಅಕಿ ಬರಿಗಾಲಾಗ ಬರ್ತಾಳ್ರಿ."

"ಹಿಂದಿನ ಅಮಾಸಿಗೆ ಉಂಡಳೇನು?"

ಅಡಿವೆಯ್ಯ ನೆನಪು ಮಾಡಿಕೊಂಡ. "ಇಲ್ರಿ. ಆವತ್ತೂ ಹಸಿವಿಲ್ಲ ಅಂದಿದ್ಲು." ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು.

"ಬಂದವರೆಲ್ಲ ಚಪ್ಪಲಿ ಹೊರಗ ಬಿಟ್ಟು ಬಂದ್ರು," ಎಂದರು ಅಜ್ಜ. "ನೀನೊಬ್ಬ ಅವನ್ನ ಅಡಿಗಿಮನಿ ತನಕ ತಂದಿ."

ಅಡಿವೆಯ್ಯ ತಬ್ಬಿಬ್ಬಾಗಿ ತನ್ನ ಕಾಲು ನೋಡಿಕೊಂಡ. ಬರಿಗಾಲೇ ಇದ್ದವು.

"ಹೋಗು. ಅಕಿನ್ನ ಕರಕೊಂಡು ಬಾ."

ಅವನು ಬೇವಿನ ಗಿಡದ ಬುಡಕ್ಕೆ ಓಡಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದ. ಒಳಗಿನಿಂದ ಅಜ್ಜನ ದನಿ ಕೇಳಿತು.

"ಅವನ್ನ ಬಿಟ್ಟು ಹೋಗು."

ಬೇಸಿಗೆಯ ನಡುಮಧ್ಯಾಹ್ನ. ಹೊಳೆಗೆ ಇಳಿಯುವ ದಾರಿಯಲ್ಲಿ ನೆರಳೆಂಬುದೇ ಇರಲಿಲ್ಲ. ಅಡಿವೆಯ್ಯ ಒಂದು ಕಾಲು ಊರುವಷ್ಟರಲ್ಲಿ ಇನ್ನೊಂದನ್ನು ಎತ್ತುತ್ತ ಕುಣಿದುಕೊಂಡೇ ಹೋದ. ಮೊದಮೊದಲು ಅಜ್ಜನ ಮೇಲೆ ಸಿಟ್ಟು ಬಂತು. ಆಮೇಲೆ, ಫಕೀರವ್ವ ಇದೇ ದಾರಿ ತುಳಿದು ಬಂದು, ಉಣ್ಣದೆ ಇದೇ ದಾರಿ ಹಿಡಿದು ಹೋದದ್ದು ನೆನಪಾಗಿ ಅಳು ಬಂತು.

ಅವಳು ಹೊಳೆಯಲ್ಲಿ ನಿಂತು ಬೊಗಸೆಯಿಂದ ನೀರು ಕುಡಿಯುತ್ತಿದ್ದಳು. ಕುಡಿದು ಮತ್ತೆ ಬೊಗಸೆ ತುಂಬಿಕೊಂಡಳು, ಮತ್ತೆ ಕುಡಿದಳು. ಬಾಯಾರಿಕೆ ಒಂದಕ್ಕೇ ಯಾರೂ ಅಷ್ಟು ನೀರು ಕುಡಿಯುವುದಿಲ್ಲ.

"ಯವ್ವಾ, ಊಟಕ್ಕ ಬಾ."

"ಹಸಿವಿಲ್ಲಂತ ಹೇಳಿದ್ನಲ್ರಿ, ಅಯ್ಯನವರ."

"ಹೇಳಿದಿ. ನಾ ನಂಬಿದೆ. ತಪ್ಪು ನಂದು."

ಫಕೀರವ್ವ ಅವನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು.

"ಇದೇನ್ರಿ, ಬರಿಗಾಲಾಗ ಬಂದೀರಿ! ಸುಟ್ಟಿರಬೇಕಲ್ರಿ. ಮೊದಲು ನೀರಾಗ ಇಳೀರಿ."

ಅವನು ಇಳಿದು ನಿಂತ. ಕಾಲು ತಂಪಾಗುವ ತನಕ ಅವಳೂ ಪಕ್ಕದಲ್ಲೇ ನಿಂತಳು. ಹೊಟ್ಟೆಗಿಲ್ಲದವಳು ತನ್ನ ಕಾಲಿನ ಚಿಂತೆ ಮಾಡುತ್ತಿದ್ದಾಳಲ್ಲ ಎಂದು ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

"ಈ ಕಡೆ ಹುಲ್ಲು ಐತಿ, ಹುಲ್ಲಿನ ಮ್ಯಾಲೆ ಬರ್ರಿ," ಎಂದು ಅವಳೇ ಮುಂದಾಗಿ ಅವನನ್ನು ಮಠಕ್ಕೆ ಕರೆದುಕೊಂಡು ಬಂದಳು.

ಅಷ್ಟು ಹೊತ್ತಿಗೆ ಮಂದಿಯೆಲ್ಲ ಹೋಗಿದ್ದರು. ಅಜ್ಜ ತಾವೇ ಒಲೆ ಊದಿ ಊದಿ ಎಸರಿಟ್ಟಿದ್ದರು, ಹೊಗೆಗೆ ಕಣ್ಣು ಕೆಂಪಾಗಿದ್ದವು. ಹೊಸ್ತಿಲಲ್ಲೇ ಹಿಂಜರಿದು ನಿಂತ ಫಕೀರವ್ವನನ್ನು ಒಳಗೆ ಕರೆದು ಒಲೆಯ ಪಕ್ಕ ಕೂರಿಸಿದರು.

ಅಡಿವೆಯ್ಯ ಚೀಲದ ಬಾಯಿ ಬಿಚ್ಚಿದ. ಅಳತೆಯ ಪಾವು ಕೈಯಲ್ಲಿ ಹಿಡಿದು ಅಜ್ಜನ ಕಡೆ ತಿರುಗಿದ.

"ಎಷ್ಟು ಹಾಕ್ಲಿ, ಅಜ್ಜಾ?"

"ನನ್ನ ಯಾಕ ಕೇಳ್ತಿ?" ಎಂದರು ಅಜ್ಜ. "ಹಸದಾಕಿ ಎದುರಿಗೆ ಕುಂತಾಳ. ಅಕಿನ್ನ ಕೇಳು."