ಫಿರಂಗಿಗೆ ಬಡಿಸಿದ ಮುದ್ದೆ

ಪಾಳೇಗಾರ ಕೆಂಚಪ್ಪನಾಯಕರು ಆನೆಗಾತ್ರದ ಫಿರಂಗಿ ಮಾಡಿಸಿದರು. ಆ ಖರ್ಚಿಗೆ ಕಾಲಾಳುಗಳ ಮುದ್ದೆ ತಪ್ಪಿ ಬರೀ ಗಂಜಿಯಾಯಿತು. ಆಯುಧಪೂಜೆಗೆ ಪಕ್ಕದ ಸೀಮೆಯ ನಾಯಕರು ಬಂದರು. ಅವರೆದುರು ಆ ಕಾಲಾಳುಗಳು ಫಿರಂಗಿಗೆ ಹಗ್ಗ ಕಟ್ಟಿ ಜಗ್ಗಿದರು. ಅದು ಅಲುಗಲಿಲ್ಲ.

“ಇವರಿಗೆ ಏನು ಹಾಕ್ತಿದ್ದೀಯೋ?” ಕೆಂಚಪ್ಪನಾಯಕರು ಅಡುಗೆಯವನ ಮೇಲೆ ರೇಗಿದರು.

ಅಡುಗೆಯವನು ಒಳಗೆ ಹೋದ. ಕೆಂಚಪ್ಪನಾಯಕರಿಗೆ ಮೀಸಲಾದ ಮೊದಲ ಎಲೆ ತಂದು ಫಿರಂಗಿಯ ಮುಂದೆ ಹಾಸಿದ. ಮುದ್ದೆ, ಸಾರು ಬಡಿಸಿ ಕೈಮುಗಿದು ನಿಂತ.

“ಇದೇನೋ?”

“ಬುದ್ಧಿ, ಇಷ್ಟು ದಿನ ಇವರ ಪಾಲು ಉಂಡಿರೋದು ಇದೇ. ಶಕ್ತಿ ಇರೋದೂ ಇದಕ್ಕೇ. ಇನ್ನೊಂದು ತುತ್ತು ತಿಂದು ತಾನೇ ನಡೀಲಿ ಅಂತ.”

ಅತಿಥಿ ನಾಯಕರು ನಗಲಿಲ್ಲ. ಅವರ ಫಿರಂಗಿ ಇನ್ನೂ ದೊಡ್ಡದು.

ಕೆಂಚಪ್ಪನಾಯಕರಿಗೆ ಪಲ್ಲಕ್ಕಿ ಬಂತು. ಹೊರುವವರ ಬತ್ತಿದ ಹೆಗಲು ಅಂದೇ ಮೊದಲು ಕಣ್ಣಿಗೆ ಬಿತ್ತು. ಹತ್ತಲಿಲ್ಲ. ತಲೆ ತಗ್ಗಿಸಿಕೊಂಡು ಅರಮನೆಗೆ ನಡೆದೇ ಹೋದರು.